ಹಳೆ ಗೇಮಿಂಗ್ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ ಹಾಕುವುದಾದರೆ ಕ್ಲೋನ್ ಮಾಡಬೇಡಿ

13 ಇಂಚಿನ ಗೇಮಿಂಗ್ ಲ್ಯಾಪ್‌ಟಾಪ್, 2016ರದ್ದು. ಒಳಗೆ 1 ಟಿಬಿ ಹಾರ್ಡ್ ಡಿಸ್ಕ್. ಅದರಲ್ಲಿರುವುದನ್ನೆಲ್ಲ ಹೊಸ ಎಸ್‌ಎಸ್‌ಡಿಗೆ (ತಿರುಗುವ ಭಾಗ ಇಲ್ಲದ, ವೇಗದ ಡಿಸ್ಕ್) ಕ್ಲೋನ್ ಮಾಡಬೇಕು, ಅಂದರೆ ಇದ್ದ ಹಾಗೇ ಪೂರ್ತಿ ನಕಲು ಮಾಡಬೇಕು ಅಂತ ಬರೆದಿದ್ದೀರಿ. ಊರು ಕುಂಬಳೆ. ನಿಮ್ಮ ಪ್ರಶ್ನೆ ಓದುವಾಗ ನನ್ನ ಎದೆ ಒಮ್ಮೆ ಧಸಕ್ ಅಂದಿತು. ಎಸ್‌ಎಸ್‌ಡಿಯ ಎರಡು ಬಗೆಯಲ್ಲಿ ಎನ್‌ವಿಎಂಇ ಒಳ್ಳೆಯದೋ ಸಾಟಾ ಒಳ್ಳೆಯದೋ, ಎಫ್‌ಪಿಎಸ್ (ಆಟದಲ್ಲಿ ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಜಾಸ್ತಿ ಆಗ್ತದಾ ಅಂತೆಲ್ಲ ಕೇಳಿದ್ದೀರಿ. ಅದನ್ನು ಆಮೇಲೆ ಹೇಳ್ತೇನೆ. ಮೊದಲು ನನ್ನದು ಕೇಳಿ.

ನಮ್ಮ ಮನೆ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ. ನನ್ನ ಲ್ಯಾಪ್‌ಟಾಪ್ ಕೂಡ ನಿಮ್ಮದರ ಹಾಗೆ ಸಣ್ಣದು, ಆದರೂ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದದ್ದು. ಐದು ವರ್ಷ ಆಗುವಾಗ ಅದರ ಹಾರ್ಡ್ ಡಿಸ್ಕ್ ಸೋತಿತ್ತು. ಆನ್ ಮಾಡಿ, ಚಾ ಕುಡಿದು ಬಂದರೂ ಒಳಗಿಂದ ಕಿರಕಿರ ಶಬ್ದ ನಿಲ್ಲುತ್ತಿರಲಿಲ್ಲ. ಟಾಸ್ಕ್ ಮ್ಯಾನೇಜರ್ ತೆರೆದರೆ ಡಿಸ್ಕ್ ಎದುರು ಯಾವಾಗಲೂ 100. 2021ರ ಆಗಸ್ಟ್‌ನಲ್ಲಿ ಇನ್ನು ಆಗುವುದಿಲ್ಲ ಅಂತ ಎಸ್‌ಎಸ್‌ಡಿ ತರಿಸಿದೆ. ಆಗ ತಲಪಾಡಿ ಗಡಿಯಲ್ಲಿ ಕೋವಿಡ್‌ನ ಆರ್‌ಟಿಪಿಸಿಆರ್ ಕಾಗದ ಇಲ್ಲದೆ ಮಂಗಳೂರಿಗೆ ಬಿಡುತ್ತಿರಲಿಲ್ಲ, ನೆನಪುಂಟಲ್ವಾ? ಅಂಗಡಿಗೆ ಕೊಟ್ಟು ಹಾಕಿಸುವ ಅಂದರೆ ದಾರಿಯೇ ಇರಲಿಲ್ಲ. ಕೊರಿಯರ್‌ನಲ್ಲಿ 2.5 ಇಂಚಿನ ಸಾಟಾ ಎಸ್‌ಎಸ್‌ಡಿ, ಅದರ ಜೊತೆ ಒಂದು ಯುಎಸ್‌ಬಿ ಕೇಸ್ (ಡಿಸ್ಕನ್ನು ಹೊರಗಿಂದ ಯುಎಸ್‌ಬಿಗೆ ಸಿಕ್ಕಿಸುವ ಡಬ್ಬಿ) ಬಂತು. ಎಸ್‌ಎಸ್‌ಡಿಯೂ 1 ಟಿಬಿ. ಈ ವಿಷಯ ನೆನಪಿಟ್ಟುಕೊಳ್ಳಿ.

ಕ್ಲೋನ್ ಮಾಡುವ ವಿಡಿಯೊ ಒಂದನ್ನು ನಾಲ್ಕು ಸಲ ನೋಡಿದ್ದೆ. ಅದರಲ್ಲಿ ಹಳೆ ಡಿಸ್ಕ್ ಲ್ಯಾಪ್‌ಟಾಪ್ ಒಳಗೇ ಇತ್ತು, ಹೊಸತು ಹೊರಗೆ ಯುಎಸ್‌ಬಿಯಲ್ಲಿ. ವಿಂಡೋಸ್ ಇಲ್ಲದೆ ಪೆನ್‌ಡ್ರೈವ್‌ನಿಂದಲೇ ಬೂಟ್ ಆಗುವ, ಅಂದರೆ ಶುರುವಾಗುವ ತಂತ್ರಾಂಶ. ಕಪ್ಪು ಪರದೆ, ಬಿಳಿ ಅಕ್ಷರ. ಒಳಗಿನ ಡಿಸ್ಕ್‌ಗೆ ಎಸ್‌ಡಿಎ, ಹೊರಗಿನದಕ್ಕೆ ಎಸ್‌ಡಿಬಿ ಅಂತ ಹೆಸರು. ‘ಎಸ್‌ಡಿಎಯಿಂದ ಎಸ್‌ಡಿಬಿಗೆ’ ಅಂತ ಒಂದು ಚೀಟಿಯಲ್ಲಿ ಬರೆದು ಕೀಬೋರ್ಡ್ ಪಕ್ಕ ಇಟ್ಟಿದ್ದೆ.

ನಾನೂ ಮೊದಲು ಹೊಸತನ್ನು ಯುಎಸ್‌ಬಿಯಲ್ಲೇ ಸಿಕ್ಕಿಸಿದೆ. ಕೆಲಸ ಮಾಡ್ತದಾ ಅಂತ ನೋಡಬೇಕಿತ್ತು. ಡಿಸ್ಕ್ ಇನಿಷಿಯಲೈಸ್ ಮಾಡಿ, ಅಂದರೆ ಬಳಕೆಗೆ ಸಿದ್ಧ ಮಾಡಿ ಅಂತ ವಿಂಡೋಸ್ ಕೇಳಿತು. ಮಾಡಿದೆ, ಫಾರ್ಮ್ಯಾಟೂ ಮಾಡಿದೆ. ಅಷ್ಟರಲ್ಲಿ ಜೋರು ಸಿಡಿಲು, ಕರೆಂಟ್ ಹೋಯಿತು. ಪ್ಲಗ್ ಕಿತ್ತು ಮಲಗಿದೆ.

ಮರುದಿನ ಸಂಜೆ ಮತ್ತೆ ಕೂತೆ. ಹೇಗೂ ಅಡಿಯ ಮುಚ್ಚಳ ತೆಗೆಯಲೇಬೇಕು, ಈಗಲೇ ಹೊಸತನ್ನು ಒಳಗೆ ಕೂರಿಸಿಬಿಟ್ಟರೆ ಎರಡನೇ ಸಲ ಬಿಚ್ಚುವ ಕೆಲಸ ತಪ್ಪುತ್ತದೆ ಅನ್ನಿಸಿತು. ಎಸ್‌ಎಸ್‌ಡಿ ಒಳಗೆ ಹೋಯಿತು. ಹಳೆ ಹಾರ್ಡ್ ಡಿಸ್ಕ್ ಯುಎಸ್‌ಬಿ ಕೇಸಿಗೆ ಬಂತು. ಪೆನ್‌ಡ್ರೈವ್ ಹಾಕಿ ಬೂಟ್ ಮಾಡಿದೆ. ಚೀಟಿ ನೋಡಿದೆ. ಎಸ್‌ಡಿಎಯಿಂದ ಎಸ್‌ಡಿಬಿಗೆ.

ಏನಾಯಿತು ಅಂತ ಗೊತ್ತಾಯಿತಲ್ವಾ? ಈಗ ಒಳಗಿನದು, ಅಂದರೆ ಎಸ್‌ಡಿಎ, ಹೊಸ ಖಾಲಿ ಡಿಸ್ಕ್. ನನ್ನ ಐದು ವರ್ಷದ ಎಲ್ಲವೂ ಇದ್ದದ್ದು ಎಸ್‌ಡಿಬಿ. ಡಿಸ್ಕ್ ಜಾಗ ಬದಲಾಯಿತು, ಚೀಟಿ ಬದಲಾಗಲಿಲ್ಲ. ನಾನು ಖಾಲಿ ಡಿಸ್ಕನ್ನು ತುಂಬಿದ ಡಿಸ್ಕಿನ ಮೇಲೆ ಕ್ಲೋನ್ ಮಾಡಿದೆ.

ಪರದೆಯ ಮೇಲೆ ಗುರುತು ಸಿಗಲಿಲ್ಲವಾ ಅಂತ ನೀವು ಕೇಳಬಹುದು. ಎರಡೂ 1 ಟಿಬಿ ಅಂದೆನಲ್ಲ, ಎರಡು ಸಾಲಿನಲ್ಲೂ 1000 ಜಿಬಿ ಅಂತಲೇ ಇತ್ತು. ವಿಂಡೋಸ್ ಲೆಕ್ಕ ಹಾಕುವ ರೀತಿ ಬೇರೆ, ಅದರಲ್ಲಾದರೂ ಎರಡೂ 931 ಜಿಬಿ ಅಂತಲೇ ಕಾಣುತ್ತಿತ್ತು. ವ್ಯತ್ಯಾಸ ಇದ್ದದ್ದು ಸಾಲಿನ ಕೊನೆಯ ಮಾಡೆಲ್ ನಂಬರಿನಲ್ಲಿ ಮಾತ್ರ. ಅಷ್ಟುದ್ದದ ಅಕ್ಷರ, ಅಂಕೆ. ನಾನು ಓದಲಿಲ್ಲ. ‘ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಸಲೇ’ ಅಂತ ತಂತ್ರಾಂಶ ಎರಡು ಸಲ ಕೇಳಿತು. ಎರಡು ಸಲವೂ ವೈ ಒತ್ತಿದೆ. ಹೊಸ ಡಿಸ್ಕ್ ಬಗ್ಗೆ ಕೇಳುತ್ತಿದೆ, ಅದರಲ್ಲಿ ಏನುಂಟು ಅಳಿಸಲು ಅಂತ ನನ್ನ ಯೋಚನೆ.

ಮೂರು ನಿಮಿಷದೊಳಗೆ ಮುಗಿಯಿತು. ನನಗೆ ಖುಷಿಯಾಯಿತು! ಲೆಕ್ಕ ಹಾಕಿದ್ದರೆ ಅಲ್ಲೇ ತಿಳಿಯುತ್ತಿತ್ತು. ಹಳೆ ಹಾರ್ಡ್ ಡಿಸ್ಕಿನಿಂದ ಸೆಕೆಂಡಿಗೆ ಹೆಚ್ಚೆಂದರೆ 100 ಎಂಬಿ ಬರುತ್ತದೆ. ನನ್ನ ಹತ್ತಿರ ಇದ್ದದ್ದು 600 ಜಿಬಿ. ಅದಕ್ಕೆ ಕಡಿಮೆ ಅಂದರೂ ಒಂದು ಗಂಟೆ 40 ನಿಮಿಷ ಬೇಕು. ಮೂರು ನಿಮಿಷದಲ್ಲಿ ಮುಗಿದಿದ್ದರೆ ಕಾಪಿ ಆದದ್ದು ಖಾಲಿ ಜಾಗ.

ಹಾಡು, ಸಿನಿಮಾ, ಆಟ ಹೋದರೆ ಹೋಗಲಿ. ಆ ಡಿಸ್ಕಿನಲ್ಲಿ ನನ್ನ ಅಜ್ಜ ಇದ್ದರು. ನಮ್ಮ ಗುಡ್ಡೆಯಲ್ಲಿ ಒಂದು ಸುರಂಗ ಉಂಟು. ನಿಮ್ಮ ಕಡೆಯೂ ಇರಬಹುದು. ಮುರಕಲ್ಲನ್ನು (ಜಂಬಿಟ್ಟಿಗೆ) ಅಡ್ಡಕ್ಕೆ ಕೊರೆದು ಹೋಗಿ ನೀರು ಹಿಡಿಯುವುದು, ಪಂಪ್ ಇಲ್ಲದೆ ನೀರು ತಾನಾಗಿ ಹೊರಗೆ ಬರುತ್ತದೆ. ನಮ್ಮದನ್ನು ಕೊರೆಯುವಾಗ ಅಜ್ಜನೂ ಪಿಕ್ಕಾಸು ಹಿಡಿದವರು. 2017ರಲ್ಲಿ ಸುರಂಗದ ಬಾಯಿಯಲ್ಲಿ ಅವರನ್ನು ಕೂರಿಸಿ 40 ನಿಮಿಷ ವಿಡಿಯೊ ಮಾಡಿದ್ದೆ. ಒಳಗೆ ಕುಕ್ಕರುಗಾಲಲ್ಲಿ ಕೂತು ಹೇಗೆ ಅಗೆಯುತ್ತಿದ್ದರು, ಮೇಣದಬತ್ತಿ ನಂದಿದರೆ ಉಸಿರಿಗೆ ಗಾಳಿ ಸಾಲದು ಅಂತ ಹೇಗೆ ಹೊರಗೆ ಓಡುತ್ತಿದ್ದರು, ಎಲ್ಲ ಕೈಯಲ್ಲಿ ತೋರಿಸಿ ಹೇಳಿದ್ದರು. 2019ರಲ್ಲಿ ಅಜ್ಜ ತೀರಿಕೊಂಡರು. ಆ ವಿಡಿಯೊದ ಎರಡನೇ ಪ್ರತಿ ಎಲ್ಲೂ ಇರಲಿಲ್ಲ. ಫೋನ್ ತುಂಬಿತು ಅಂತ ಅದರಿಂದ ಅಳಿಸಿ ಲ್ಯಾಪ್‌ಟಾಪ್‌ಗೆ ಹಾಕಿದ್ದೆ.

ಒಂದು ಕೆಲಸ ಮಾತ್ರ ಸರಿ ಮಾಡಿದೆ. ವಿಷಯ ಗೊತ್ತಾದ ಕೂಡಲೇ ಹಳೆ ಡಿಸ್ಕ್ ಕಿತ್ತು ತೆಗೆದಿಟ್ಟೆ, ಮತ್ತೆ ಅದಕ್ಕೆ ಏನೂ ಬರೆಯಲಿಲ್ಲ. ತಲಪಾಡಿಯಲ್ಲಿ ಜನರನ್ನು ಬಿಡಲು ಶುರು ಮಾಡಿದ ಮೇಲೆ ಮಂಗಳೂರಿನಲ್ಲಿ ಡೇಟಾ ತೆಗೆದುಕೊಡುವವರಿಗೆ ಕೊಟ್ಟೆ. ಅವರು ಚೆನ್ನಾಗಿ ವಿವರಿಸಿದರು. ಕ್ಲೋನ್ ಆಗುವಾಗ ಇಡೀ ಡಿಸ್ಕಿನ ಮೇಲೆ ಬರೆದಿಲ್ಲ, ಯಾವ ಫೈಲ್ ಎಲ್ಲಿದೆ ಅಂತ ಬರೆದಿಡುವ ಪಟ್ಟಿಯ ಮೇಲೆ ಬರೆದುಬಿಟ್ಟಿದೆ. ಹಾಗಾಗಿ ಒಂದೇ ಕಡೆ ಇದ್ದ ಸಣ್ಣ ಫೈಲ್ ಸಿಗುತ್ತದೆ, ಹೆಸರು ಸಿಗುವುದಿಲ್ಲ. ದೊಡ್ಡ ಫೈಲ್ ತುಂಡು ತುಂಡಾಗಿ ಅಲ್ಲಲ್ಲಿ ಕೂತಿದ್ದರೆ ಜೋಡಿಸಲು ಆಗುವುದಿಲ್ಲ. ಫೋಟೊಗಳು ಬಂದವು, ಸಾವಿರಾರು, ಹೆಸರಿನ ಬದಲು ಬರೀ ಉದ್ದುದ್ದ ನಂಬರು. ಅಜ್ಜನ ವಿಡಿಯೊ ಹೆಸರಿಲ್ಲದೆ ಬಂತು. ಶುರುವಿನ ಆರು ನಿಮಿಷ ಓಡುತ್ತದೆ. ಅಜ್ಜ ಮೇಣದಬತ್ತಿಯ ಮಾತು ಎತ್ತುತ್ತಾರೆ, ಅಲ್ಲಿಗೆ ನಿಲ್ಲುತ್ತದೆ.

ಹಾಗಾಗಿ ‘ಕ್ಲೋನ್ ಮಾಡಲು ಯಾವ ತಂತ್ರಾಂಶ ಒಳ್ಳೆಯದು’ ಅನ್ನುವ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಯಾವುದೂ ಬೇಡ. ಸರಿಯಾಗಿ ಮಾಡುವವರು ಬೇಕಾದಷ್ಟು ಜನ ಇದ್ದಾರೆ, ಗೊತ್ತು. ಆದರೂ ನಿಮಗೆ ಬೇಡ ಅಂತಲೇ ಹೇಳ್ತೇನೆ. ಹತ್ತು ವರ್ಷದ ವಿಂಡೋಸ್, ಅದರ ಕಸವನ್ನೆಲ್ಲ ಹೊಸ ಡಿಸ್ಕಿಗೆ ಸುಮ್ನೆ ಯಾಕೆ ಹೊರಬೇಕು? ಹಳೆ ಡಿಸ್ಕ್ ತೆಗೆಯಿರಿ, ಹೊಸತು ಹಾಕಿ, 8 ಜಿಬಿ ಪೆನ್‌ಡ್ರೈವ್‌ನಲ್ಲಿ ವಿಂಡೋಸ್ ಮಾಡಿಕೊಂಡು ಹೊಸದಾಗಿ ಇನ್‌ಸ್ಟಾಲ್ ಮಾಡಿ. ಆಗ ಹಳೆ ಡಿಸ್ಕ್ ಮೇಜಿನ ಮೇಲೆ ಇರುತ್ತದೆ, ಯಾವುದಕ್ಕೂ ತಾಗಿರುವುದಿಲ್ಲ. ಏನು ತಪ್ಪು ಒತ್ತಿದರೂ ಅದಕ್ಕೆ ಏನೂ ಆಗುವುದಿಲ್ಲ. ಲ್ಯಾಪ್‌ಟಾಪ್ ಜೊತೆ ಬಂದ ಅಸಲಿ ವಿಂಡೋಸ್ ಆದರೆ ಲೈಸೆನ್ಸ್ ಮದರ್‌ಬೋರ್ಡ್‌ಗೆ ಸೇರಿದ್ದು, ಡಿಸ್ಕ್ ಬದಲಿಸಿದರೂ ತಾನಾಗಿ ಆ್ಯಕ್ಟಿವೇಟ್ ಆಗುತ್ತದೆ. ಆಮೇಲೆ ಹಳೆಯದನ್ನು ಯುಎಸ್‌ಬಿ ಕೇಸಿಗೆ ಹಾಕಿ ಬೇಕಾದ್ದು ಮಾತ್ರ ಕಾಪಿ ಮಾಡಿ. ಸ್ಟೀಮ್ ಅಂಗಡಿಯಲ್ಲಿ ಆನ್‌ಲೈನ್ ಕೊಂಡ ಆಟಗಳಿದ್ದರೆ ಸ್ಟೀಮ್‌ಆ್ಯಪ್ಸ್ ಫೋಲ್ಡರ್ ಹಾಗೇ ತನ್ನಿ, ಮತ್ತೆ ಡೌನ್‌ಲೋಡ್ ಮಾಡುವುದು ತಪ್ಪುತ್ತದೆ. ನಮ್ಮ ಕಡೆಯ ನೆಟ್‌ಗೆ ಇದು ಸಣ್ಣ ಉಪಕಾರ ಅಲ್ಲ.

ಒಂದು ವಿಷಯ: ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಬೆಂಬಲ, ಅಂದರೆ ಸುರಕ್ಷತೆಯ ಮಾಮೂಲಿ ಅಪ್‌ಡೇಟ್, ನಿಲ್ಲಿಸಿದೆ. ನಿಮ್ಮ 2016ರ ಪ್ರೊಸೆಸರ್‌ಗೆ ವಿಂಡೋಸ್ 11 ಅಧಿಕೃತವಾಗಿ ಇಲ್ಲ. ಆಟ ಆಡಿ, ಬ್ಯಾಂಕಿನ ಕೆಲಸ ಅದರಲ್ಲಿ ಬೇಡ.

ಈಗ ಎನ್‌ವಿಎಂಇ. ಅಂಕಿ ನೋಡಿ ಮರುಳಾಗಬೇಡಿ. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದುತ್ತದೆ, ಮೂರನೇ ತಲೆಮಾರಿನ ಎನ್‌ವಿಎಂಇ 3500ರವರೆಗೆ. ಆದರೆ ಹಾರ್ಡ್ ಡಿಸ್ಕಿನಿಂದ ಸಾಟಾಕ್ಕೆ ಬಂದಾಗ ಆಗುವ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಅಲ್ಲಿಂದ ಎನ್‌ವಿಎಂಇಗೆ ಹೋದರೆ ಆಟದಲ್ಲಿ ಹೆಚ್ಚೇನೂ ಗೊತ್ತಾಗುವುದಿಲ್ಲ. ಅದಕ್ಕಿಂತ ಮುಖ್ಯ, ಆ ಕಾಲದ ಸಣ್ಣ ಲ್ಯಾಪ್‌ಟಾಪ್‌ಗಳಲ್ಲಿ ಎಂ.2 ಸ್ಲಾಟ್ (ಪಟ್ಟಿಯಂಥ ಚಪ್ಪಟೆ ಎಸ್‌ಎಸ್‌ಡಿ ಸಿಕ್ಕಿಸುವ ಜಾಗ) ಇದ್ದರೂ ಕೆಲವು ಸಾಟಾಕ್ಕೆ ಮಾತ್ರ ಇರುವಂಥವು. ಎನ್‌ವಿಎಂಇ ಅದರಲ್ಲಿ ಚಂದ ಕೂರಲೂಬಹುದು, ಸ್ಕ್ರೂ ಕೂಡ ಹಿಡಿಯಬಹುದು, ಬಯೋಸ್‌ನಲ್ಲಿ (ಆನ್ ಮಾಡುವಾಗ ಮೊದಲು ಓಡುವ ತಂತ್ರಾಂಶ) ಮಾತ್ರ ಕಾಣುವುದಿಲ್ಲ. ಉದ್ದವೂ ನೋಡಿ: ಸಾಮಾನ್ಯವಾಗಿ ಸಿಗುವುದು 80 ಮಿ.ಮೀ., ಸಣ್ಣ ಲ್ಯಾಪ್‌ಟಾಪ್‌ನಲ್ಲಿ 42 ಮಿ.ಮೀ.ಗೆ ಮಾತ್ರ ಜಾಗ ಇರಬಹುದು. ನಿಮ್ಮದರಲ್ಲಿ ಈಗಿರುವುದು 2.5 ಇಂಚಿನ ಡಿಸ್ಕ್, ಅದೇ ಜಾಗಕ್ಕೆ 7 ಮಿ.ಮೀ. ದಪ್ಪದ ಸಾಟಾ ಎಸ್‌ಎಸ್‌ಡಿ ತಲೆಬಿಸಿ ಇಲ್ಲದೆ ಹೋಗುತ್ತದೆ. ನಾನಾದರೆ ಅದನ್ನೇ ತೆಗೆದುಕೊಳ್ಳುತ್ತೇನೆ.

ಎಫ್‌ಪಿಎಸ್ ಜಾಸ್ತಿ ಆಗುವುದಿಲ್ಲ. ಅದು ಗ್ರಾಫಿಕ್ಸ್ ಕಾರ್ಡ್, ಪ್ರೊಸೆಸರ್ ಕೆಲಸ. ಆಟ ಬೇಗ ತೆರೆಯುತ್ತದೆ, ಜಿಟಿಎ ಫೈವ್‌ನಂಥ ದೊಡ್ಡ ಊರಿನ ಆಟದಲ್ಲಿ ಗಾಡಿ ಓಡಿಸುವಾಗ ತಡವರಿಸುವುದು ಕಡಿಮೆಯಾಗುತ್ತದೆ, ಅಷ್ಟೇ. ನನ್ನದು ಈಗ ಇಪ್ಪತ್ತು ಸೆಕೆಂಡಿನೊಳಗೆ ಆನ್ ಆಗುತ್ತದೆ. ಮುಚ್ಚಳ ತೆಗೆದಾಗ ಫ್ಯಾನ್ ಕೂಡ ಕ್ಲೀನ್ ಮಾಡಿ. ನನ್ನದರಲ್ಲಿ ಕೆಂಪು ಮಣ್ಣಿನ ಧೂಳು ಬಟ್ಟೆಯ ಹಾಗೆ ಮಡಚಿಕೊಂಡಿತ್ತು, ಅದನ್ನು ತೆಗೆದ ಮೇಲೆ ಆಟದ ನಡುವೆ ಬಿಸಿಯಾಗಿ ನಿಧಾನ ಆಗುವುದು ನಿಂತಿತು. ಎಲ್ಲಕ್ಕಿಂತ ಮೊದಲು ಬ್ಯಾಟರಿಯ ಕನೆಕ್ಟರ್ ಬಿಡಿಸಿ. ಸ್ಕ್ರೂಗಳು ಬೇರೆ ಬೇರೆ ಉದ್ದ ಇರುತ್ತವೆ, ಕಾಗದದಲ್ಲಿ ಮುಚ್ಚಳದ ಚಿತ್ರ ಬಿಡಿಸಿ ಆಯಾ ಜಾಗಕ್ಕೆ ಟೇಪಿನಲ್ಲಿ ಅಂಟಿಸಿ.

ಆದರೆ ಇವತ್ತು ಸ್ಕ್ರೂಡ್ರೈವರ್ ಮುಟ್ಟಬೇಡಿ. ಆ ಡಿಸ್ಕಿನಲ್ಲಿ ಮಾತ್ರ ಇರುವ ಫೋಟೊ, ವಿಡಿಯೊ ಯಾವುದು ಅಂತ ಮನೆಯವರನ್ನು ಕೂರಿಸಿಕೊಂಡು ಪಟ್ಟಿ ಮಾಡಿ. ನಿಮಗೆ ನೆನಪಿಲ್ಲದ್ದು ಅಮ್ಮನಿಗೆ ನೆನಪಿರುತ್ತದೆ. ಅದನ್ನು ಎರಡು ಕಡೆ ಕಾಪಿ ಮಾಡಿ, ಕಾಪಿ ಆದದ್ದನ್ನು ತೆರೆದು ಕೊನೆಯವರೆಗೆ ಓಡಿಸಿ ನೋಡಿ. ಅದಾದ ಮೇಲೆ ಅಡಿಯ ಮುಚ್ಚಳ ತೆಗೆದು, ಒಳಗಿನ ಫೋಟೊ ಇಲ್ಲಿ ಹಾಕಿ. ಎಂ.2 ಸ್ಲಾಟ್ ಉಂಟಾ, ಎಷ್ಟು ಉದ್ದದ್ದು ಅಂತ ನೋಡಿ ಹೇಳ್ತೇನೆ.