ಬಲವಂತ ಬೇಡ, ಜೊತೆಗೆ ಕೂತು ಓದಿ

ಮಗಳಿಗೆ ಏಳು ವರ್ಷ, ಕನ್ನಡ ಅಕ್ಷರ ಎಲ್ಲ ಬರುತ್ತದೆ, ಆದರೆ ಪುಸ್ತಕ ಕೊಟ್ಟರೆ ಚಿತ್ರ ನೋಡಿ ಮುಚ್ಚಿಡುತ್ತಾಳೆ, ಬಲವಂತ ಮಾಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಚಿತ್ರ ನೋಡುವುದೂ ಓದಿನ ಶುರುವೇ.

ಈ ವಯಸ್ಸಿನ ಮಕ್ಕಳು ಎಡವುವುದು ಹೆಚ್ಚಾಗಿ ಒತ್ತಕ್ಷರದಲ್ಲಿ. 'ಅಜ್ಜಿ' ದಾಟುತ್ತಾರೆ, 'ರಾಷ್ಟ್ರ' ಬಂದ ಕೂಡಲೇ ನಿಲ್ಲುತ್ತಾರೆ. ಅದನ್ನು ಬಿಡಿಸಿ ಓದುವಷ್ಟರಲ್ಲಿ ಕತೆಯೇ ಮರೆತುಹೋಗಿರುತ್ತದೆ. ಅಲ್ಲಿ ತಿದ್ದುತ್ತಾ ಕೂರಬೇಡಿ, ಪದ ನೀವೇ ಹೇಳಿ ಮುಂದೆ ಹೋಗಿ. ಮಲಗುವ ಮುಂಚೆ ಪಕ್ಕ ಕೂರಿಸಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು, ನೀವೊಂದು ಸಾಲು ಅವಳೊಂದು ಸಾಲು ಓದಿ. ಹತ್ತು ನಿಮಿಷ ಸಾಕು. ಅದೇ ಪುಸ್ತಕ ಮತ್ತೆ ಮತ್ತೆ ಬೇಕು ಅಂದರೂ ಬೇಸರ ಪಡಬೇಡಿ, ಪದಗಳು ಕಣ್ಣಿಗೆ ಪಳಗುವುದೇ ಹಾಗೆ. ಕತೆ ಮುಗಿದ ಮೇಲೆ 'ನೀತಿ ಏನು ಹೇಳು' ಅಂತ ಮಾತ್ರ ಕೇಳಬೇಡಿ. ಸುಮ್ನೆ ಪರೀಕ್ಷೆ ಆಗಿಬಿಡುತ್ತದೆ, ಅಲ್ವಾ?

ಜಾಸ್ತಿ ಖರ್ಚೂ ಬೇಕಿಲ್ಲ. ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಜಾಲತಾಣ ಸ್ಟೋರಿವೀವರ್‌ನಲ್ಲಿ ಕನ್ನಡ ಕತೆಗಳು ಉಚಿತ, ಓದಿನ ಹಂತದ ಪ್ರಕಾರ ಸಿಗುತ್ತವೆ. ವಯಸ್ಸು ನೋಡದೆ ಮೊದಲ ಹಂತದಿಂದಲೇ ಹಿಡಿಯಿರಿ. ಬೆಂಗಳೂರಲ್ಲಿದ್ದರೆ ಕಬ್ಬನ್ ಪಾರ್ಕಿನ ಮಕ್ಕಳ ಗ್ರಂಥಾಲಯಕ್ಕೆ ಕರೆದುಕೊಂಡು ಹೋಗಿ. ಹಳ್ಳಿಯಾದರೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ, ಅಂದರೆ ಗ್ರಂಥಾಲಯ, ಇದೆ. 2020ರಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಬಂದಾಗಿನಿಂದ ಅಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಪುಸ್ತಕ ಮಾತ್ರ ಅವಳೇ ಆರಿಸಲಿ.