ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದಾಗ: ಬಿಬಿಎ ವಿದ್ಯಾರ್ಥಿಗಳ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ವಿಜ್ಞಾನ ಓದಿ ಬಿಬಿಎ ಸೇರಿದವಳು. ಡೆಬಿಟ್, ಕ್ರೆಡಿಟ್ ನಿಯಮಗಳು ಬಾಯಿಪಾಠವಾಗಿವೆ, ಆದರೆ ಲೆಕ್ಕ ಬಿಡಿಸಲು ಕೂತರೆ ಗೊಂದಲ. ಎಲ್ಲ ಖಾತೆಗಳ ಡೆಬಿಟ್, ಕ್ರೆಡಿಟ್ ಬಾಕಿಗಳನ್ನು ಎರಡು ಬದಿಯಲ್ಲಿ ಕೂಡಿಸಿ ನೋಡುವ ಟ್ರಯಲ್ ಬ್ಯಾಲೆನ್ಸ್ ತಾಳೆಯಾಗುವುದೇ ಇಲ್ಲ. ಇನ್ನೊಂದು ಅನುಮಾನ: ಬ್ಯಾಂಕಿಗೆ ಹಣ ಕಟ್ಟಿದರೆ ಪಾಸ್‌ಬುಕ್‌ನಲ್ಲಿ ಕ್ರೆಡಿಟ್ ಎಂದಿರುತ್ತದೆ, ತರಗತಿಯಲ್ಲಿ ಡೆಬಿಟ್ ಎನ್ನುತ್ತಾರೆ. ಯಾವುದು ಸರಿ?

ಉತ್ತರ: ಎರಡೂ ಸರಿ. ನೀವು ಕಟ್ಟಿದ ಹಣ ನಿಮಗೆ ಆಸ್ತಿ, ಬ್ಯಾಂಕಿಗೆ ಅದು ನಿಮಗೆ ತೀರಿಸಬೇಕಾದ ಬಾಕಿ. ಪಾಸ್‌ಬುಕ್ ಬರೆಯುವುದು ಬ್ಯಾಂಕು, ತನ್ನ ಕಡೆಯಿಂದ. ಆದ್ದರಿಂದ ಪ್ರತಿ ಲೆಕ್ಕಕ್ಕೂ ಮೊದಲು ಕೇಳಿಕೊಳ್ಳಿ: ಇದು ಯಾರ ಪುಸ್ತಕ?

ಬಾಯಿಪಾಠವನ್ನು ಸ್ವಲ್ಪ ದಿನ ಬದಿಗಿಡಿ. ಆಸ್ತಿ ಅಂದರೆ ಹೊಣೆ (ತೀರಿಸಬೇಕಾದ ಬಾಕಿ) ಕೂಡಿಸು ಬಂಡವಾಳ, ಈ ಒಂದು ಸಮೀಕರಣ ಸಾಕು. ಆಸ್ತಿಯಾಗಲಿ ಖರ್ಚಾಗಲಿ ಹೆಚ್ಚಿದರೆ ಡೆಬಿಟ್. ಹೊಣೆ, ಬಂಡವಾಳ, ಆದಾಯ ಹೆಚ್ಚಿದರೆ ಕ್ರೆಡಿಟ್. ಕಡಿಮೆಯಾದರೆ ತಿರುಗಾಮುರುಗಾ. ಮಾಲೀಕ 50,000 ನಗದು ಹಾಕಿ ವ್ಯಾಪಾರ ಆರಂಭಿಸಿದ, 20,000ದ ಯಂತ್ರವನ್ನು ಸಾಲಕ್ಕೆ ತಂದ, 5,000 ಬಾಡಿಗೆ ಕೊಟ್ಟ ಎಂದಿಟ್ಟುಕೊಳ್ಳಿ. ಈಗ ನಗದು 45,000, ಯಂತ್ರ 20,000, ಒಟ್ಟು 65,000. ಇನ್ನೊಂದು ಬದಿಯಲ್ಲಿ ಯಂತ್ರ ಕೊಟ್ಟವನಿಗೆ ಬಾಕಿ 20,000, ಬಾಡಿಗೆ ಕಳೆದು ಉಳಿದ ಬಂಡವಾಳ 45,000. ಅದೂ 65,000. ಮೊದಲ ತಿಂಗಳು ಪ್ರತಿ ವ್ಯವಹಾರದ ನಂತರವೂ ಹೀಗೆ ಎರಡು ಬದಿ ಕೂಡಿಸಿ ನೋಡಿ. ನಿಧಾನ ನಿಜ, ಆದರೆ ತಪ್ಪು ಹುಟ್ಟಿದ ಜಾಗದಲ್ಲೇ ಸಿಗುತ್ತದೆ.

ತಾಳೆಯಾಗದಿದ್ದರೆ ಎಲ್ಲವನ್ನೂ ಅಳಿಸಿ ಮತ್ತೆ ಶುರು ಮಾಡಬೇಡಿ. ಮೊದಲು ಕೂಡಿಕೆಯನ್ನು ಕೆಳಗಿನಿಂದ ಮೇಲಕ್ಕೆ ಮಾಡಿ. ವ್ಯತ್ಯಾಸದಷ್ಟೇ ಮೊತ್ತದ ಖಾತೆ ಯಾವುದಾದರೂ ಬಿಟ್ಟುಹೋಗಿದೆಯೇ ಹುಡುಕಿ. ಇಲ್ಲದಿದ್ದರೆ ವ್ಯತ್ಯಾಸವನ್ನು ಅರ್ಧ ಮಾಡಿ: 1,200 ವ್ಯತ್ಯಾಸವಿದ್ದರೆ 600ರ ಯಾವುದೋ ಮೊತ್ತ ತಪ್ಪು ಬದಿಯಲ್ಲಿ ಕೂತಿರಬಹುದು. ವ್ಯತ್ಯಾಸ 9ರಿಂದ ಭಾಗವಾದರೆ ಅಂಕಿಗಳು ಅದಲುಬದಲಾಗಿರುವ ಸಾಧ್ಯತೆ ಇದೆ. 540 ಬರೆಯುವಲ್ಲಿ 450 ಬರೆದರೆ ವ್ಯತ್ಯಾಸ 90.

ತಾಳೆಯಾದ ಮಾತ್ರಕ್ಕೆ ಲೆಕ್ಕ ಸರಿ ಎಂದೂ ಅಲ್ಲ. ವ್ಯವಹಾರವೊಂದನ್ನು ಪೂರ್ತಿ ಬರೆಯದೇ ಬಿಟ್ಟರೂ, ರಿಪೇರಿ ಖರ್ಚನ್ನು ಯಂತ್ರದ ಖಾತೆಗೆ ಹಾಕಿದರೂ ಎರಡು ಬದಿ ಚೆನ್ನಾಗಿಯೇ ಕೂಡುತ್ತವೆ.

ಪ್ರಶ್ನೆ: ಲಾಭ ತೋರಿಸುವ ಕಂಪನಿ ಸಂಬಳ ಕೊಡಲಾಗದೆ ಒದ್ದಾಡುವುದು ಹೇಗೆ ಸಾಧ್ಯ?

ಉತ್ತರ: ಇದು ಸರಿಯಾಗಿ ಅರ್ಥವಾದರೆ ಫೈನಾನ್ಸ್ ವಿಷಯದ ಅರ್ಧ ಭಯ ಹೋಗುತ್ತದೆ. 1,00,000ದ ಮಾಲು ಮಾರಿದಿರಿ, ಪೂರ್ತಿ ಉದ್ರಿ. ಆ ಮಾಲಿಗೆ ನೀವು ಕೊಟ್ಟದ್ದು 60,000 ನಗದು, ಉಳಿದ ಖರ್ಚು 15,000 ನಗದು. ಪುಸ್ತಕದಲ್ಲಿ ಲಾಭ 25,000. ಕೈಯಿಂದ ಹೋದದ್ದು 75,000, ಬಂದದ್ದು ಸೊನ್ನೆ. ಮಾರಾಟ ಏರಿದಷ್ಟೂ ಉದ್ರಿ ಬಾಕಿ ಮತ್ತು ದಾಸ್ತಾನಿನಲ್ಲಿ ಸಿಲುಕುವ ಹಣವೂ ಏರುತ್ತದೆ. ಹಾಗಾಗಿ ಬೇಗ ಬೆಳೆಯುವ ಕಂಪನಿಗೇ ಈ ಇಕ್ಕಟ್ಟು ಹೆಚ್ಚು.

ಸವಕಳಿಯೂ ಇಂಥದ್ದೇ. ಐದು ವರ್ಷ ಬಾಳುವ 2,00,000ದ ಯಂತ್ರಕ್ಕೆ ವರ್ಷಕ್ಕೆ 40,000 ಖರ್ಚು ತೋರಿಸುತ್ತೇವೆ, ಹಣ ಮಾತ್ರ ಕೊಂಡ ದಿನವೇ ಹೋಗಿರುತ್ತದೆ. ಸಾಲದ ಕಂತಿನಲ್ಲಿ ಬಡ್ಡಿ ಖರ್ಚು, ಅಸಲು ಖರ್ಚಲ್ಲ. ಅಸಲು ತೀರಿಸಿದಾಗ ಲಾಭ ಕದಲುವುದಿಲ್ಲ, ನಗದು ಕರಗುತ್ತದೆ. ಪರೀಕ್ಷೆಯಲ್ಲಿ ಹೆಚ್ಚು ಜನ ತಪ್ಪುವುದು ಇಲ್ಲಿಯೇ.

ಪ್ರಶ್ನೆ: ಗಣಿತ ನನಗೆ ಕಷ್ಟ. ಬಿಬಿಎ ಮುಗಿಸಬಲ್ಲೆನೇ?

ಉತ್ತರ: ಖಂಡಿತ. ಶೇಕಡಾ, ಅನುಪಾತ, ಸರಳ ಸಮೀಕರಣ ಗಟ್ಟಿಯಾದರೆ ಬಹುಪಾಲು ದಾರಿ ಸಾಗುತ್ತದೆ. ಆದರೆ ಇವು ನಿಜವಾಗಿಯೂ ಗಟ್ಟಿಯಾಗಬೇಕು. 80ಕ್ಕೆ ಕೊಂಡದ್ದನ್ನು 100ಕ್ಕೆ ಮಾರಿದರೆ ಕೊಂಡ ಬೆಲೆಯ ಮೇಲಿನ ಲಾಭ, ಅಂದರೆ ಮಾರ್ಕಪ್, ಶೇ. 25; ಮಾರಿದ ಬೆಲೆಯ ಮೇಲಿನ ಲಾಭ, ಅಂದರೆ ಮಾರ್ಜಿನ್, ಶೇ. 20. ಲಾಭ ಅದೇ 20, ಭಾಗಿಸಿದ ಸಂಖ್ಯೆ ಬೇರೆ. ಬೆಲೆ ಶೇ. 20 ಏರಿ ಮತ್ತೆ ಶೇ. 20 ಇಳಿದರೆ 100 ಇದ್ದದ್ದು 96 ಆಗುತ್ತದೆ. ಶೇಕಡಾ ಕಂಡಾಗಲೆಲ್ಲ "ಯಾವುದರ ಮೇಲೆ?" ಎಂದು ಬದಿಯಲ್ಲಿ ಬರೆದುಕೊಳ್ಳಿ.

ಬ್ರೇಕ್ ಈವನ್ (ಲಾಭವೂ ನಷ್ಟವೂ ಇಲ್ಲದ ಹಂತ) ಲೆಕ್ಕವನ್ನು ಸೂತ್ರವಾಗಿ ಕಲಿಯುವ ಅಗತ್ಯವೇ ಇಲ್ಲ. ವಸ್ತುವಿನ ಬೆಲೆ 50, ತಯಾರಿಸಿದಂತೆಲ್ಲ ಏರುವ ಖರ್ಚು ಒಂದಕ್ಕೆ 30. ಉಳಿಯುವುದು 20, ಇದೇ ಕಾಂಟ್ರಿಬ್ಯೂಷನ್. ಮಾರಲಿ ಬಿಡಲಿ ತಪ್ಪದ ಸ್ಥಿರ ವೆಚ್ಚ 60,000 ಇದ್ದರೆ ಅದು ತುಂಬಲು 3,000 ವಸ್ತು ಮಾರಬೇಕು. ಬೆಲೆಯನ್ನು ಶೇ. 10 ಇಳಿಸಿ ನೋಡಿ: ಕಾಂಟ್ರಿಬ್ಯೂಷನ್ 15 ಆಗಿ, 4,000 ಮಾರಬೇಕಾಗುತ್ತದೆ. ರಿಯಾಯಿತಿ ಎಷ್ಟು ದುಬಾರಿ ಎಂಬುದು ಹೀಗೆ ಕೈಯಾರೆ ಬಿಡಿಸಿದಾಗಲೇ ಮನಸ್ಸಿಗೆ ಇಳಿಯುವುದು.

ಅಂಕಿ-ಅಂಶಶಾಸ್ತ್ರದಲ್ಲಿ ಸರಾಸರಿಯನ್ನು ಕಣ್ಣುಮುಚ್ಚಿ ನಂಬಬೇಡಿ. ಐವರ ಸಂಬಳ 20, 20, 25, 25, 210 ಸಾವಿರ ಇದ್ದರೆ ಸರಾಸರಿ 60 ಸಾವಿರ, ಮಧ್ಯಾಂಕ (ಕ್ರಮವಾಗಿ ಜೋಡಿಸಿದಾಗ ನಡುವೆ ಬರುವುದು) 25 ಸಾವಿರ. ನಾಲ್ವರಿಗೆ ಸರಾಸರಿಯ ಅರ್ಧವೂ ಸಿಗುತ್ತಿಲ್ಲ.

ಪ್ರಶ್ನೆ: ಕೇಸ್ ಸ್ಟಡಿಗೆ ಆರು ಪುಟ ಬರೆದರೂ ಅಂಕ ಬರುವುದಿಲ್ಲ.

ಉತ್ತರ: ಬಹುಶಃ ಆರರಲ್ಲಿ ನಾಲ್ಕು ಪುಟ ಕಥೆಯನ್ನೇ ಮತ್ತೆ ಹೇಳಿರುತ್ತೀರಿ. ಕೇಸ್ ಕೊಟ್ಟವರಿಗೆ ಕಥೆ ಗೊತ್ತು. ಒಮ್ಮೆ ಸುಮ್ಮನೆ ಓದಿ, ನಂತರ ಯಾರು, ಯಾವ ತೀರ್ಮಾನವನ್ನು, ಯಾವಾಗಿನೊಳಗೆ ತೆಗೆದುಕೊಳ್ಳಬೇಕು ಎಂದು ಒಂದೇ ವಾಕ್ಯ ಬರೆಯಿರಿ. ಎರಡನೇ ಓದಿನಲ್ಲಿ ಆ ವಾಕ್ಯಕ್ಕೆ ಸಂಬಂಧಿಸಿದ ಅಂಕಿಗಳನ್ನಷ್ಟೇ ಹೆಕ್ಕಿ. ಕನಿಷ್ಠ ಎರಡು ದಾರಿಗಳನ್ನು ಒಂದೇ ಮಾನದಂಡದಿಂದ ಅಳೆದು, ಒಂದನ್ನು ಆರಿಸಿ, ಅದು ಎಲ್ಲಿ ಕೈಕೊಡಬಹುದು ಎಂದೂ ಬರೆಯಿರಿ.

ಸ್ವಾಟ್‌ನ (ಬಲ, ದೌರ್ಬಲ್ಯ, ಅವಕಾಶ, ಅಪಾಯ) ನಾಲ್ಕು ಚೌಕ ತುಂಬಿಸಿ ಅಲ್ಲಿಗೇ ನಿಲ್ಲಿಸುವುದು ಉತ್ತರವಲ್ಲ. "ಜಾಹೀರಾತು ಹೆಚ್ಚಿಸಬೇಕು" ಎಂಬಂಥ ಸಲಹೆಯೂ ಲೆಕ್ಕವಿಲ್ಲದೆ ನಿಲ್ಲದು. ಜಾಹೀರಾತಿಗೆ 40,000, ಕಾಂಟ್ರಿಬ್ಯೂಷನ್ 20 ಇದ್ದರೆ ಆ ಖರ್ಚು ಮರಳಿ ಬರಲೇ ಇನ್ನೂ 2,000 ವಸ್ತು ಹೆಚ್ಚಿಗೆ ಮಾರಬೇಕು. ಅಷ್ಟು ಗಿರಾಕಿಗಳು ಇದ್ದಾರೆಯೇ? ಈ ಪ್ರಶ್ನೆ ಎತ್ತಿದ ಉತ್ತರಪತ್ರಿಕೆ ಎದ್ದು ಕಾಣುತ್ತದೆ.

ಪ್ರಶ್ನೆ: ಮ್ಯಾನೇಜ್‌ಮೆಂಟ್ ಚಿಂತಕರ ಹೆಸರು, ಇಸವಿ ನೆನಪೇ ಉಳಿಯುವುದಿಲ್ಲ.

ಉತ್ತರ: ಯಾರು ಎಲ್ಲಿ ನಿಂತು ನೋಡಿದರು ಎಂದು ತಿಳಿದರೆ ಉಳಿಯುತ್ತದೆ. ಟೇಲರ್ (ಕೃತಿ 1911) ಕಾರ್ಖಾನೆಯ ಕೆಲಸವನ್ನು ಗಡಿಯಾರ ಹಿಡಿದು ಅಳೆದವರು. ಗಣಿ ಕಂಪನಿಯ ಮುಖ್ಯಸ್ಥರಾಗಿದ್ದ ಫಯೋಲ್ (ಕೃತಿ 1916) ಮೇಲಿನಿಂದ ನೋಡಿದರು, ಆದ್ದರಿಂದಲೇ ಅವರ 14 ತತ್ವಗಳಲ್ಲಿ ಅಧಿಕಾರ, ಶಿಸ್ತು, ಆಜ್ಞೆಯ ಏಕತೆ (ಒಬ್ಬರಿಗೆ ಒಬ್ಬರೇ ಮೇಲಧಿಕಾರಿ) ಬರುತ್ತವೆ. 1924ರಲ್ಲಿ ಅಮೆರಿಕದ ಹಾಥಾರ್ನ್ ಕಾರ್ಖಾನೆಯಲ್ಲಿ ಆರಂಭವಾದ ಪ್ರಯೋಗಗಳು ಬೆಳಕಿನ ಪ್ರಮಾಣ ಪರೀಕ್ಷಿಸಲು ಹೊರಟು, ಗುಂಪಿನ ಸಂಬಂಧಗಳತ್ತ ಗಮನ ತಿರುಗಿಸಿದವು. ಮನುಷ್ಯನ ಅಗತ್ಯಗಳನ್ನು ಹಂತಹಂತವಾಗಿ ಜೋಡಿಸಿದ ಮ್ಯಾಸ್ಲೊ ಅವರ 1943ರ ಲೇಖನದಲ್ಲಿ ಪಿರಮಿಡ್ ಚಿತ್ರವಿಲ್ಲ, ಅದು ಆಮೇಲೆ ಸೇರಿದ್ದು.

ಪ್ರಶ್ನೆ: ಕೊನೆಯ ವರ್ಷ ಮಾರ್ಕೆಟಿಂಗ್, ಫೈನಾನ್ಸ್, ಎಚ್‌ಆರ್, ಯಾವುದು ಆರಿಸಲಿ?

ಉತ್ತರ: ವಿಷಯದ ಹೆಸರಿಗಿಂತ ದಿನದ ಕೆಲಸ ನೋಡಿ. ಫೈನಾನ್ಸ್ ಎಂದರೆ ಗಂಟೆಗಟ್ಟಲೆ ಹಾಳೆ ತಾಳೆ ನೋಡುವುದು. ಮಾರ್ಕೆಟಿಂಗ್‌ನಲ್ಲಿ ಮಾತಿನಷ್ಟೇ ಮಾರಾಟದ ಅಂಕಿಗಳೂ ಇವೆ. ಎಚ್‌ಆರ್‌ನಲ್ಲಿ ಕಾನೂನು, ಸಂಬಳಪಟ್ಟಿ, ಕಡತ. ಸಾಧ್ಯವಾದರೆ ಆರಿಸುವ ಮೊದಲೇ ಇಂಟರ್ನ್‌ಶಿಪ್ ಮಾಡಿ. ಯಾವುದನ್ನೇ ಆರಿಸಿದರೂ ಎಕ್ಸೆಲ್ ಬೇಕೇ ಬೇಕು: ಉದ್ದದ ಪಟ್ಟಿಯನ್ನು ಗುಂಪುಗುಂಪಾಗಿ ಕೂಡಿಸಿ ತೋರಿಸುವ ಪಿವಟ್ ಟೇಬಲ್ ಮಾಡಲು ಬರಲಿ, ಸೂತ್ರವನ್ನು ಕೆಳಗೆಳೆದಾಗ ಕದಲಬಾರದ ಸೆಲ್‌ಗೆ ಡಾಲರ್ ಚಿಹ್ನೆ ಹಾಕುವ ಅಭ್ಯಾಸವಿರಲಿ, ಬೆಲೆ, ಬಡ್ಡಿದರದಂಥ ಅಂಕಿಗಳನ್ನು ಸೂತ್ರದೊಳಗೆ ಟೈಪ್ ಮಾಡದೆ ಬೇರೆ ಸೆಲ್‌ನಲ್ಲಿಡಿ. ದರ ಬದಲಾದ ದಿನ ಒಂದೇ ಕಡೆ ತಿದ್ದಿದರೆ ಸಾಕಾಗುತ್ತದೆ.