ಟ್ಯೂನ್ ಯಾರದ್ದು ಮಾರಾಯ್ರೇ?

ಪ್ರಶ್ನೆ: 'ಗೀತಾ' ಚಿತ್ರದ 'ಜೊತೆಯಲಿ ಜೊತೆ ಜೊತೆಯಲಿ' ತಮಿಳಿನ ನಕಲು ಅಂತ ನನ್ನ ಮಲಯಾಳಿ ಗೆಳೆಯ ಚೇಷ್ಟೆ ಮಾಡುತ್ತಾನೆ. ಅದೇ ಟ್ಯೂನಿನ ತಮಿಳು ಹಾಡನ್ನು ಮೊಬೈಲಿನಲ್ಲಿ ಕೇಳಿಸಿಯೂ ಬಿಟ್ಟ. ಏನು ಹೇಳಲಿ?
– ಓದುಗರು, ಕುಂಬಳೆ

ಉತ್ತರ: ಇಸವಿ ನೋಡಲು ಹೇಳಿ. 'ಗೀತಾ' ಬಂದದ್ದು 1981ರಲ್ಲಿ. ಅವರು ಕೇಳಿಸಿದ್ದು 'ನೂರಾವದು ನಾಳ್' ಚಿತ್ರದ 'ವಿಳಿಯಿಲೇ' ಇರಬೇಕು. ಅದು 1984ರದ್ದು. ಕನ್ನಡದ ಹಾಡೇ ಅಣ್ಣ, ತಮಿಳಿನದ್ದು ತಮ್ಮ! ಎರಡಕ್ಕೂ ಸಂಗೀತ ಇಳಯರಾಜ ಅವರದ್ದೇ. ತನ್ನ ತೋಟದ ಅಡಿಕೆಯನ್ನು ತಾನೇ ಕೊಯ್ದರೆ ಕಳ್ಳತನ ಆಗ್ತದಾ? 2007ರಲ್ಲಿ ಹಿಂದಿಯ 'ಚೀನಿ ಕಮ್'ಗೂ ಆ ಟ್ಯೂನ್ ಹೋಯಿತು. ಹಾಗೆಯೇ ಮಲಯಾಳಿಗಳ ಪ್ರೀತಿಯ 'ತುಂಬೀ ವಾ' ('ಓಳಂಙಳ್', 1982). ಅದರ ಟ್ಯೂನ್ ಅದೇ ವರ್ಷದ ತಮಿಳು 'ಆಟೋ ರಾಜಾ'ದಲ್ಲೂ ಉಂಟು. ಇದನ್ನೂ ಗೆಳೆಯರ ಕಿವಿಗೆ ಹಾಕಿ.

ಆದರೆ ಬರೀ ಟ್ಯೂನ್ ಹಿಡಿದುಕೊಂಡರೆ ಇಳಯರಾಜ ಅರ್ಧವೇ ಸಿಗುವುದು. ಇದು ನನಗೆ ಪೆಟ್ಟು ತಿಂದು ಗೊತ್ತಾದದ್ದು. ಮೂವತ್ತು ವರ್ಷದ ಹಿಂದೆ ಕಾಸರಗೋಡಿನ ಒಂದು ಗಾನಮೇಳದಲ್ಲಿ ಕೀಬೋರ್ಡ್ ನುಡಿಸುತ್ತಿದ್ದೆ. ಬದಿಯಡ್ಕದ ಹತ್ತಿರ ಜಾತ್ರೆ. ಹಾಡಿನ ಅಡಿಯಲ್ಲಿ ತಗ್ಗು ಸ್ವರ ನುಡಿಸುವ ಬೇಸ್ ಗಿಟಾರಿನವನಿಗೆ ಮಂಗಳೂರಿನಿಂದ ಬರುವ ಬಸ್ಸು ತಪ್ಪಿತು. 'ಬೇಸ್ ಯಾರಿಗೆ ಕೇಳ್ತದೆ, ಸುಮ್ನೆ ಶುರು ಮಾಡುವ' ಅಂದವನು ನಾನೇ. 'ಜೊತೆಯಲಿ' ಎತ್ತಿದೆವು. ಹಾಡುವವರು ಚೆನ್ನಾಗಿಯೇ ಹಾಡಿದರು. ಹಾಡು ಮಾತ್ರ ಕಾಲು ಮುರಿದ ಬೆಂಚಿನ ಹಾಗೆ ಅಲ್ಲಾಡುತ್ತಿತ್ತು. ತಬಲದವನು ನನ್ನ ಮುಖ ನೋಡಿದ. ಎಡಗೈಯನ್ನು ಕೀಬೋರ್ಡಿನ ಕೆಳಗಿನ ಮನೆಗಳಿಗೆ ಇಳಿಸಿ ಬರೀ ಷಡ್ಜ, ಪಂಚಮ (ಸ, ಪ) ಒತ್ತಿದೆ. ಆಗಲಿಲ್ಲ. ಇಳಯರಾಜರ ಬೇಸ್ ಹಾಗೆ ಒಂದು ಕಡೆ ಕೂರುವ ಜಾತಿಯದ್ದಲ್ಲ. ಹಾಡುವವರು ಉಸಿರು ತೆಗೆಯುವಷ್ಟರಲ್ಲಿ ಅದು ತನ್ನದೇ ಒಂದು ಮಾತು ಹೇಳಿ ಮುಗಿಸಿರುತ್ತದೆ.

ಮರುದಿನ ಕ್ಯಾಸೆಟ್ ಹಾಕಿ ಬೇಸ್ ಒಂದನ್ನೇ ಬಾಯಲ್ಲಿ ಹಾಡಲು ಕೂತೆ. ಹಿಂದೆ ಓಡಿಸಿ ಓಡಿಸಿ ಟೇಪು ಸಿಕ್ಕಿಹಾಕಿಕೊಂಡಿತು. ಪೆನ್ಸಿಲ್ ತೂರಿಸಿ ಸುತ್ತಿದೆ. ಪಲ್ಲವಿಯಷ್ಟು ಬಾಯಿಗೆ ಬರಲು ಮೂರು ಸಂಜೆ ಹಿಡಿಯಿತು.

ಪ್ರಶ್ನೆ: ಇಳಯರಾಜ ಕನ್ನಡಕ್ಕೆ ಬಂದದ್ದು ತಮಿಳಿನಲ್ಲಿ ಹೆಸರಾದ ಮೇಲೆ, ಅಲ್ವಾ?
– ಓದುಗರು, ಮಂಜೇಶ್ವರ

ಉತ್ತರ: ಸಂಗೀತ ನಿರ್ದೇಶಕರಾಗಿ, ಹೌದು. ಆದರೆ ಅವರ ಮೊದಲ ಚಿತ್ರ, 1976ರ ತಮಿಳಿನ 'ಅನ್ನಕ್ಕಿಳಿ'ಗಿಂತ ಮೊದಲೇ ಅವರು ಜಿ.ಕೆ. ವೆಂಕಟೇಶ್ ಅವರ ಸಹಾಯಕರು. 'ಕಸ್ತೂರಿ ನಿವಾಸ', 'ಬಂಗಾರದ ಮನುಷ್ಯ'ಕ್ಕೆ ಸಂಗೀತ ಕೊಟ್ಟರಲ್ಲ, ಅದೇ ಜಿ.ಕೆ.ವಿ. ತೆರೆಯ ಮೇಲೆ ಹೆಸರು ಬರುವ ಮೊದಲೇ ಕನ್ನಡ ಹಾಡು ಇಳಯರಾಜರ ಕೈಗೆ ಪಳಗಿತ್ತು.

ಪ್ರಶ್ನೆ: ಅವರ ಕನ್ನಡ ಹಾಡುಗಳಲ್ಲಿ ಒಂದೇ ಒಂದು ಆರಿಸಿ ಅಂದರೆ?
– ಓದುಗರು, ಮುಳ್ಳೇರಿಯ

ಉತ್ತರ: 'ಪಲ್ಲವಿ ಅನುಪಲ್ಲವಿ'ಯ (1983) 'ನಗುವ ನಯನ'. ಇಯರ್‌ಫೋನ್ ಹಾಕಿ ಕೇಳಿ ಮಾರಾಯ್ರೇ. ಮೊಬೈಲಿನ ಸ್ಪೀಕರಿನಲ್ಲಿ ಬೇಸ್ ಸಿಗುವುದಿಲ್ಲ.